ಕೇಳಿದಷ್ಟೂ ಗಂಡ ‘ಎಂತ ಇಲ್ಲ’ ಅಂತಾನೆ: ಭಾವನೆ ಹಿಡಿದು ಮಾಡುವ ದಂಪತಿ ಚಿಕಿತ್ಸೆ ನಮ್ಮ ಕಡೆ ಹೇಗೆ?

ಘಟ್ಟದ ದಾರಿ (ಶಿರಸಿ)

ಎಮೋಶನಲಿ ಫೋಕಸ್ಡ್ ಥೆರಪಿ, ಅಂದರೆ ಭಾವನೆಯನ್ನೇ ಹಿಡಿದು ಗಂಡ-ಹೆಂಡಿರ ಬಂಧ ಸರಿಮಾಡುವ ಕ್ರಮದಲ್ಲಿ ಪಳಗಿದವರು ಇಲ್ಲಿದ್ದರೆ ದಯವಿಟ್ಟು ವಿವರವಾಗಿ ಹೇಳಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಕೌನ್ಸೆಲಿಂಗ್‌ಗೆ ಬಂದವರಿಗೆ ಸಾಮಾನ್ಯವಾಗಿ ಕಲಿಸಿರುವುದು ಮಾತಿನ ಕೌಶಲ. ‘ನೀನು ಹೀಗೆ’ ಅನ್ನುವ ಬದಲು ‘ನನಗೆ ಹೀಗಾಯ್ತು’ ಅನ್ನಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಿ, ಇಂಥವು. ನಮ್ಮೆದುರು ಕೂತಾಗ ಇಬ್ಬರೂ ಚೆಂದವಾಗಿ ಮಾಡ್ತಾರೆ. ಮನೆ ಮುಟ್ಟುವಷ್ಟರಲ್ಲಿ ಹಳೇ ಜಗಳ, ಬಿಟ್ಟ ಜಾಗದಿಂದಲೇ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಹೆಚ್ಚಾಗಿ ಕಾಣುವ ಜೋಡಿ ಇದು: ಆಕೆ ಕೇಳುತ್ತಾಳೆ, ಮತ್ತೆ ಕೇಳುತ್ತಾಳೆ, ದನಿ ಏರುತ್ತದೆ. ಆತ ‘ಎಂತ ಇಲ್ಲ’ ಅಂತ ಹೇಳಿ ತೋಟಕ್ಕೆ ಇಳಿಯುತ್ತಾನೆ. ಅಡಿಕೆ ಕೊನೆಕೊಯ್ಲಿನ ದಿನಗಳಲ್ಲಿ ಅಂತೂ ಕೆಲಸದ ನೆಪವೇ ಸಾಕು.

ಮೊದಲ ಮೂರು-ನಾಲ್ಕು ಭೇಟಿಯಲ್ಲಿ ಏನೇನು ಮಾಡಬೇಕು? ಒಟ್ಟು ಎಷ್ಟು ಭೇಟಿ? ಕನ್ನಡದಲ್ಲಿ ಭಾವನೆ ಕೇಳಿದರೆ ಎಲ್ಲರೂ ‘ಬೇಜಾರು’ ಅನ್ನುತ್ತಾರೆ, ಅದರ ಒಳಗೆ ಹೋಗುವುದು ಹೇಗೆ? ಯಾರಿಗೆ ಇದನ್ನು ಮಾಡಲೇಬಾರದು?

ಅಘನಾಶಿನಿ (ಕುಮಟಾ)

ಮಾತಿನ ಕೌಶಲ ಮನೆ ಮುಟ್ಟುವಷ್ಟರಲ್ಲಿ ಕರಗುವುದು ಯಾಕೆಂದರೆ, ಹೆದರಿದ ಹೊತ್ತಿಗೆ ಕಲಿತ ವಾಕ್ಯ ಬಾಯಿಗೆ ಬರುವುದಿಲ್ಲ. ‘ಇವರಿಗೆ ನಾನು ಬೇಕೋ ಬೇಡವೋ’ ಅನ್ನುವ ದಿಗಿಲು ಒಳಗೆ ಎದ್ದಾಗ ಒಬ್ಬರು ಬಾಗಿಲು ಬಡಿಯುತ್ತಾರೆ, ಇನ್ನೊಬ್ಬರು ಚಿಲಕ ಹಾಕಿಕೊಳ್ಳುತ್ತಾರೆ. ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ 1980ರ ದಶಕದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಈ ಕ್ರಮ ಕಟ್ಟಿದರು. ಮೊದಲ ಅಧ್ಯಯನ ಅಚ್ಚಾದದ್ದು 1985ರಲ್ಲಿ. ಮಗು ತಾಯಿಗೆ ಅಂಟಿಕೊಳ್ಳುವ ಬಗ್ಗೆ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದನ್ನು ಜಾನ್ಸನ್ ದಾಂಪತ್ಯಕ್ಕೆ ತಂದರು. ದೊಡ್ಡವರಿಗೂ ಆಸರೆಯ ಒಬ್ಬ ಮನುಷ್ಯ ಬೇಕು, ಆ ಆಸರೆ ಅಲ್ಲಾಡಿದಾಗ ಜಗಳವೂ ಮೌನವೂ ಹುಟ್ಟುತ್ತವೆ ಅನ್ನುವುದು ತಿರುಳು.

ಕ್ರಮ ಹೀಗೆ. ಮೊದಲ ಎರಡು ಭೇಟಿ ಇಬ್ಬರೂ ಜೊತೆಯಲ್ಲಿ. ಆಮೇಲೆ ಒಬ್ಬೊಬ್ಬರನ್ನೇ ಒಂದೊಂದು ಸಲ. ನಂತರ ಕೊನೆಯವರೆಗೂ ಜೊತೆಯಲ್ಲೇ. ಒಟ್ಟು 8ರಿಂದ 20 ಭೇಟಿ ಸಾಮಾನ್ಯ. ಬಾಲ್ಯದಲ್ಲಿ ದೊಡ್ಡ ಆಘಾತ ಅನುಭವಿಸಿದವರಿಗೆ ಇನ್ನೂ ಹೆಚ್ಚು. ಒಂಟಿ ಭೇಟಿಯಲ್ಲಿ ಹೇಳಿದ ಗುಟ್ಟನ್ನು ಏನು ಮಾಡುತ್ತೀರಿ ಎಂದು ಮೊದಲ ದಿನವೇ ಇಬ್ಬರ ಎದುರೂ ಹೇಳಿಬಿಡಿ. ಹೊರಗಿನ ಸಂಬಂಧವೊಂದು ನಡೆಯುತ್ತಿರುವುದನ್ನು ನೀವು ಮುಚ್ಚಿಟ್ಟುಕೊಂಡು ಮುಂದಿನ ಹತ್ತು ಭೇಟಿ ಮಾಡಿದರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೊದಲ ಭೇಟಿಗೆ ದೊಡ್ಡ ಜಗಳ ಆರಿಸಬೇಡಿ. ದೊಡ್ಡ ಜಗಳಕ್ಕೆ ಇಬ್ಬರ ಬಳಿಯೂ ವಕೀಲರ ವಾದ ತಯಾರಿರುತ್ತದೆ. ಕಳೆದ ವಾರದ್ದೇ ಒಂದು ಸಣ್ಣ ಜಟಾಪಟಿ ತೆಗೆದುಕೊಳ್ಳಿ. ಉದಾಹರಣೆಗೆ, ರಾತ್ರಿ ಊಟ ಆಯ್ತು, ಆತ ಮೊಬೈಲ್ ಹಿಡಿದು ಜಗಲಿಯಲ್ಲಿ ಕೂತ, ಆಕೆ ‘ಮನೆಯಲ್ಲಿ ಬೇರೆ ಮನುಷ್ಯರೂ ಇದ್ದಾರೆ’ ಅಂದಳು, ಆತ ಎದ್ದು ಹೋದ. ಅಷ್ಟೇ. ಇದನ್ನು ನಿಧಾನವಾಗಿ ಬಿಡಿಸಿ. ಏನು ಕಂಡಿತು ಅಥವಾ ಕೇಳಿತು? ತಕ್ಷಣ ಏನನ್ನಿಸಿತು? ಮೈಯಲ್ಲಿ ಎಲ್ಲಿ ಏನಾಯ್ತು? ಮನಸ್ಸು ಅದಕ್ಕೆ ಏನು ಅರ್ಥ ಕಟ್ಟಿತು? ಆಮೇಲೆ ಏನು ಮಾಡಿದಿರಿ? ಈ ಐದೂ ಸಿಕ್ಕಿದರೆ ಆ ಭಾವನೆ ಪೂರ್ತಿ ಕೈಗೆ ಬಂದ ಹಾಗೆ. ಒಂದು ಬಿಟ್ಟರೂ ಮೇಲೆ ಮೇಲೆ ತೇಲುತ್ತದೆ, ಅದರಲ್ಲೂ ಮೈಯದ್ದು ಬಿಟ್ಟರೆ.

ಒಂದು ಹಾಳೆಯ ನಡುವೆ ಅಡ್ಡ ಗೆರೆ ಎಳೆಯಿರಿ. ಗೆರೆಯ ಮೇಲೆ ಹೊರಗೆ ಕಾಣುವುದು: ಆಕೆಯ ಚುಚ್ಚುಮಾತು, ಆತನ ಮೌನ. ಗೆರೆಯ ಕೆಳಗೆ ಯಾರೂ ಯಾರಿಗೂ ತೋರಿಸದ್ದು: ಆಕೆಯ ‘ನಾನು ಇವರಿಗೆ ಲೆಕ್ಕಕ್ಕೇ ಇಲ್ಲ’ ಅನ್ನುವ ಒಂಟಿತನ, ಆತನ ‘ಎಷ್ಟು ಮಾಡಿದರೂ ನಾನು ಸಾಲುವುದಿಲ್ಲ’ ಅನ್ನುವ ನಾಚಿಕೆ. ಈಗ ಬಾಣ ಹಾಕಿ. ಆತನ ಮೌನ ಆಕೆಯ ಕಿವಿಗೆ ‘ನೀನು ಬೇಡ’ ಅಂತ ಬೀಳುತ್ತದೆ, ಅದಕ್ಕೇ ಆಕೆ ಇನ್ನೂ ಚುಚ್ಚುತ್ತಾಳೆ. ಆ ಚುಚ್ಚುಮಾತು ಆತನ ಕಿವಿಗೆ ‘ನೀನು ಕೆಲಸಕ್ಕೆ ಬಾರದವನು’ ಅಂತ ಬೀಳುತ್ತದೆ, ಅದಕ್ಕೇ ಆತ ಇನ್ನೂ ಒಳಗೆ ಸರಿಯುತ್ತಾನೆ. ಇದಕ್ಕೆ ಅವರ ಬಾಯಿಂದಲೇ ಹೆಸರಿಡಿಸಿ. ಅಳಿವೆ ಬಾಗಿಲಲ್ಲಿ ದೋಣಿ ನಡೆಸುವವರಿಗೆ ‘ಸುಳಿ’ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಆಗ ಶತ್ರು ಆತನೂ ಅಲ್ಲ, ಆಕೆಯೂ ಅಲ್ಲ, ಇಬ್ಬರನ್ನೂ ಎಳೆಯುವ ಸುಳಿ.

ಪೂರ್ತಿ ಕ್ರಮದಲ್ಲಿ ಮೂರು ಘಟ್ಟ, ಒಂಬತ್ತು ಹೆಜ್ಜೆ. ಮೊದಲ ನಾಲ್ಕು ಹೆಜ್ಜೆ ಸುಳಿ ಗುರುತಿಸಿ ಜಗಳದ ಕಾವು ಇಳಿಸುವುದಕ್ಕೆ. ಐದರಿಂದ ಏಳು ಬಂಧವನ್ನೇ ಹೊಸದಾಗಿ ಕಟ್ಟುವುದಕ್ಕೆ. ಎಂಟು ಮತ್ತು ಒಂಬತ್ತು ದುಡ್ಡು, ಮನೆ ಪಾಲು, ಮಕ್ಕಳ ಓದು ಇಂಥ ಹಳೇ ತಕರಾರಿಗೆ ಹೊಸ ದಾರಿ ಹುಡುಕಿ ನೆಲೆನಿಲ್ಲಿಸುವುದಕ್ಕೆ. ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ಎಂಟನೇ ಹೆಜ್ಜೆಯ ಕೆಲಸವನ್ನು ಮೊದಲ ದಿನವೇ ಶುರುಮಾಡುವುದು. ‘ವಾರಕ್ಕೊಮ್ಮೆ ಪೇಟೆಗೆ ಕರೆದುಕೊಂಡು ಹೋಗಿ’ ಅನ್ನುವ ಸಲಹೆ ಕೊಟ್ಟರೆ ಆತ ಕರೆದುಕೊಂಡು ಹೋಗುತ್ತಾನೆ, ದಾರಿಯುದ್ದಕ್ಕೂ ಮಾತಿಲ್ಲ, ಆಕೆಗೆ ಮೊದಲಿಗಿಂತ ನೋವು. ಇನ್ನೊಂದು, ಮೊದಲ ಘಟ್ಟ ಮುಗಿದಾಗ ಮನೆ ಶಾಂತವಾಗುತ್ತದೆ, ‘ಈಗ ಅಡ್ಡಿಲ್ಲ’ ಅಂತ ಬರುವುದು ನಿಲ್ಲಿಸುತ್ತಾರೆ. ಶಾಂತಿ ಬಂದಿದೆ ನಿಜ, ಹತ್ತಿರ ಬಂದದ್ದು ಇನ್ನೂ ಇಲ್ಲ. ಬಿಡುವ ಮೊದಲು ಇದನ್ನು ಅವರಿಗೆ ನೇರವಾಗಿ ಹೇಳುವುದು ನಮ್ಮ ಕರ್ತವ್ಯ.

ಎರಡನೇ ಘಟ್ಟದಲ್ಲಿ ಸರದಿ ಮುಖ್ಯ. ಒಳಗೆ ಸರಿಯುವವರನ್ನು ಮೊದಲು ಹೊರಗೆ ತನ್ನಿ, ಬಾಗಿಲು ಬಡಿಯುವವರು ಆಮೇಲೆ. ಆಕೆ ಸಿಟ್ಟು ಕೆಳಗಿಟ್ಟು ‘ನನಗೆ ಹೆದರಿಕೆ ಆಗ್ತದೆ, ಹತ್ತಿರ ಇರಿ’ ಅಂತ ಕೈಚಾಚುವ ದಿನ ಆತ ಅಲ್ಲಿ ಇರಬೇಕು. ಆತ ಇನ್ನೂ ಚಿಲಕದ ಒಳಗೇ ಇದ್ದರೆ ಆಕೆ ಚಾಚಿದ ಕೈ ಗಾಳಿಗೆ ಹೋಗುತ್ತದೆ, ಇನ್ನೊಮ್ಮೆ ಚಾಚುವುದಿಲ್ಲ.

ಅಂಕಿ ಕೇಳುವವರಿಗೆ: 1999ರಲ್ಲಿ ಅಲ್ಲಿಯವರೆಗಿನ ನಾಲ್ಕು ಅಧ್ಯಯನ ಕೂಡಿಸಿ ನೋಡಿದಾಗ ಶೇ. 70ರಿಂದ 73ರಷ್ಟು ಜೋಡಿಗಳು ಸಂಕಟದಿಂದ ಹೊರಬಂದಿದ್ದವು. ನಾಲ್ಕೇ ಅಧ್ಯಯನ, ಪಳಗಿದ ಚಿಕಿತ್ಸಕರು ಮಾಡಿದ್ದು. ಜೋಡಿಗಳಿಗೆ ಈ ಅಂಕಿಯನ್ನು ಭರವಸೆಯ ಚೀಟಿಯಂತೆ ಕೊಡಬೇಡಿ.

ಕಾಳಿ ತೀರ (ಕಾರವಾರ)

‘ಬೇಜಾರು’ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಈ ಚಿಕಿತ್ಸೆ ನಿಲ್ಲುವುದೂ ಬೀಳುವುದೂ ಆ ಒಂದು ಶಬ್ದದ ಮೇಲೆ.

ಬಸ್ಸು ತಡವಾದರೂ ಬೇಜಾರು, ಕೆಲಸ ಇಲ್ಲದಿದ್ದರೂ ಬೇಜಾರು, ಗಂಡ ಮಾತಾಡದಿದ್ದರೂ ಬೇಜಾರು, ತಾಯಿ ತೀರಿಕೊಂಡರೂ ಬೇಜಾರು. ಅದು ಭಾವನೆಯ ಹೆಸರಲ್ಲ, ಭಾವನೆಗಳನ್ನೆಲ್ಲ ತುಂಬಿಟ್ಟ ಕೊಟ್ಟೆ, ಅಂದರೆ ಚೀಲ. ಅದರೊಳಗೆ ಒಂಟಿತನ ಇರಬಹುದು, ಅವಮಾನ, ದಣಿವು, ಹೆದರಿಕೆ, ‘ನನ್ನ ಕೈಲಿ ಆಗುವುದಿಲ್ಲ’ ಅನ್ನುವ ಸೋಲು ಇರಬಹುದು. ಚಿಕಿತ್ಸಕರು ‘ಬೇಜಾರಾಯ್ತು, ಅಲ್ವಾ’ ಅಂತ ಒಪ್ಪಿ ಮುಂದೆ ಹೋದರೆ ಕೊಟ್ಟೆ ಬಿಚ್ಚಲೇ ಇಲ್ಲ ಎಂದರ್ಥ.

ಬಿಚ್ಚುವುದಕ್ಕೆ ಭಾವನೆಯ ಹೆಸರು ಕೇಳಬೇಡಿ, ಮೈ ಕೇಳಿ. ನಮ್ಮ ಮಾತಿನಲ್ಲಿ ಭಾವನೆಯೆಲ್ಲ ಮೈಯಲ್ಲೇ ಇದೆ. ಎದೆ ಧಸಕ್ಕೆಂದಿತೋ, ಭಾರವಾಯಿತೋ? ಹೊಟ್ಟೆಯಲ್ಲಿ ಸಂಕಟವೋ, ಉರಿಯೋ? ಗಂಟಲು ಕಟ್ಟಿತೋ? ಕೈಕಾಲು ತಣ್ಣಗಾಯಿತೋ? ‘ಧಸಕ್ಕೆಂದಿತು’ ಅಂದವರ ಒಳಗೆ ಹೆಚ್ಚಾಗಿ ಹೆದರಿಕೆ ಇರುತ್ತದೆ. ‘ಭಾರವಾಯಿತು’ ಅಂದರೆ ದುಃಖದ ಕಡೆ ಹುಡುಕಿ. ‘ತಲೆ ಎತ್ತಲು ಆಗಲಿಲ್ಲ’ ಅಂದರೆ ಅದು ನಾಚಿಕೆ, ಅಲ್ಲಿ ತುಂಬ ಮೆತ್ತಗೆ ನಡೆಯಬೇಕು. ಸಿಟ್ಟು ಸಾಮಾನ್ಯವಾಗಿ ಮೇಲಿನ ಪದರ. ಹಾಗಂತ ಎಲ್ಲ ಸಿಟ್ಟೂ ಮುಸುಕಲ್ಲ. ಅನ್ಯಾಯ ಕಂಡು ಬಂದ ಸಿಟ್ಟನ್ನು ‘ಒಳಗೆ ನಿಮಗೆ ಹೆದರಿಕೆ ಇದೆ’ ಅಂತ ತಿರುಚಿದರೆ ಅದು ಆಕೆಗೆ ಇನ್ನೊಂದು ಅನ್ಯಾಯ.

ಎರಡನೇ ತೊಡಕು, ಒಬ್ಬರಿಗೊಬ್ಬರು ನೇರವಾಗಿ ಹೇಳಿಸುವುದು. ಈ ಚಿಕಿತ್ಸೆಯ ಜೀವ ಇರುವುದೇ ಅಲ್ಲಿ: ನಮಗೆ ಹೇಳಿದ್ದನ್ನು ತಿರುಗಿ ಸಂಗಾತಿಗೆ ಹೇಳಬೇಕು. ನಮ್ಮಲ್ಲಿ ಹೆಂಡತಿ ಗಂಡನ ಕಡೆ ನೋಡದೇ ನಮ್ಮ ಕಡೆ ತಿರುಗಿ ‘ಇವರು ಹೀಗೆ, ಇವರು ಹಾಗೆ’ ಅನ್ನುತ್ತಾರೆ. ಹಿರಿಯರೆದುರು ಗಂಡನನ್ನು ನೇರ ಮಾತಾಡಿಸದ ಅಭ್ಯಾಸ ಇನ್ನೂ ಇರುವ ಮನೆಗಳಿವೆ, ಆ ಕೋಣೆಯಲ್ಲಿ ನಾವೇ ಹಿರಿಯರ ಜಾಗದಲ್ಲಿ ಕೂತಿರುತ್ತೇವೆ. ಕುರ್ಚಿಗಳನ್ನು ಎದುರುಬದುರು ಇಡಬೇಡಿ, ಸ್ವಲ್ಪ ಓರೆಯಾಗಿಡಿ, ಮೊಣಕಾಲು ಪರಸ್ಪರ ತಿರುಗಿರಲಿ. ನೀವು ಒಂದು ಅಡಿ ಹಿಂದೆ ಸರಿಯಿರಿ. ಹೇಳಿಸುವ ವಾಕ್ಯ ಒಂದೇ ಒಂದು, ಚಿಕ್ಕದು. ‘ಇದಿಷ್ಟೇ, ಅವರ ಕಡೆ ತಿರುಗಿ ಹೇಳಬಹುದಾ?’ ಆಗದಿದ್ದರೆ ಆಗದಿರುವುದನ್ನೇ ಹೇಳಿಸಿ: ‘ಇದನ್ನು ನಿಮ್ಮ ಮುಖ ನೋಡಿ ಹೇಳಲು ನನಗೆ ಕಷ್ಟ.’ ಅದೂ ನೇರ ಮಾತೇ.

ಕಾರವಾರ, ಅಂಕೋಲಾ ಕಡೆ ಬಹಳ ಮನೆಗಳಲ್ಲಿ ಜಗಳವಾಗುವುದು ಕೊಂಕಣಿಯಲ್ಲಿ. ನಮಗಾಗಿ ಕನ್ನಡಕ್ಕೆ ತಿರುಗಿದರೆ ಭಾವ ತಣ್ಣಗಾಗಿ ವರದಿಯಂತೆ ಕೇಳುತ್ತದೆ. ಒಬ್ಬರಿಗೊಬ್ಬರು ಹೇಳುವುದು ಮನೆಮಾತಲ್ಲೇ ಆಗಲಿ, ನಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಆಮೇಲೆ ಕೇಳಿಕೊಳ್ಳೋಣ. ಶಿರಸಿಯಲ್ಲಿ ಹವ್ಯಕರ ಮಾತಿಗೂ ಇದೇ ಸಲಹೆ.

ಘಟ್ಟದ ದಾರಿ (ಶಿರಸಿ)

ಇಬ್ಬರಿಗೂ ಕೃತಜ್ಞತೆ. ಮೈ ಕೇಳಿದರೂ ಆತ ‘ಗೊತ್ತಿಲ್ಲ’ ಅಂದರೆ? ಎರಡು ಸಲ ಕೇಳಿದ ಮೇಲೆ ಕೋಣೆಯಲ್ಲಿ ಮೌನ ತುಂಬಿಕೊಳ್ಳುತ್ತದೆ, ಆಕೆ ‘ನೋಡಿ, ಮನೆಯಲ್ಲೂ ಹೀಗೇ’ ಅಂತ ಶುರುಮಾಡುತ್ತಾಳೆ.

ಅಘನಾಶಿನಿ (ಕುಮಟಾ)

‘ಗೊತ್ತಿಲ್ಲ’ ಅನ್ನುವುದು ಹೆಚ್ಚಿನ ಸಲ ನಿಜ. ಚಿಕ್ಕಂದಿನಿಂದ ಆ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿಲ್ಲ. ಮೂರನೇ ಸಲ ಕೇಳಿದರೆ ಪರೀಕ್ಷೆಯಾಗುತ್ತದೆ, ಅವರು ಫೇಲಾದ ಹಾಗೆ. ಪ್ರಶ್ನೆ ಬಿಟ್ಟು, ಕಂಡದ್ದನ್ನು ಹೇಳಿ, ಒಂದು ಊಹೆ ಮುಂದಿಡಿ. ಜಾನ್ಸನ್ ಕಲಿಸಿದ ಆರು ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತವೆ: ಮತ್ತೆ ಮತ್ತೆ ಹೇಳು, ಚಿತ್ರ ಕೊಡು, ಸರಳವಾಗಿರಲಿ, ನಿಧಾನವಾಗಿರಲಿ, ದನಿ ಮೆತ್ತಗಿರಲಿ, ಅವರದೇ ಶಬ್ದ ಬಳಸು. ಮಾತು ಹೀಗೆ ಸಾಗಬಹುದು:

‘ಆಕೆ ದನಿ ಏರಿಸಿದ ಕೂಡಲೇ ನೀವು ಬಾಗಿಲ ಕಡೆ ನೋಡಿದ್ರಿ. ಎದ್ದು ಹೋಗ್ಬೇಕು ಅನ್ನಿಸ್ತಾ?’
‘ಹೂಂ.’
‘ಇಲ್ಲೇ ಕೂತು ಉತ್ತರ ಕೊಟ್ಟಿದ್ರೆ?’
‘ಮತ್ತೂ ಕೆಡ್ತಿತ್ತು. ನಾ ಮಾತಾಡಿದಷ್ಟೂ ಕೆಡ್ತದೆ.’
‘ಕೆಡಬಾರ್ದು ಅಂತ ಬಾಯಿ ಮುಚ್ಕೊಂಡದ್ದು. ಬೇಡ ಅಂತ ಅಲ್ಲ, ಕೆಡಬಾರ್ದು ಅಂತ.’
‘ಹೌದು.’
‘ಆಕೆಗೆ ಇದು ಗೊತ್ತಿದೆಯಾ? ಈಗ ಆಕೆಗೇ ಹೇಳಬಹುದಾ?’

ಇಲ್ಲಿ ‘ಕೆಡ್ತದೆ’ ಅನ್ನುವುದು ಆತನ ಶಬ್ದ. ಅದನ್ನು ಬಿಡಬೇಡಿ, ಅದರ ಮೇಲೇ ನಿಲ್ಲಿ. ನೀವು ‘ಆತಂಕ’ ಅಂತ ಪುಸ್ತಕದ ಶಬ್ದ ತಂದರೆ ಆತ ತಲೆಯಾಡಿಸಿ ಹೊರಟುಹೋಗುತ್ತಾನೆ.

ಆತ ಹೇಳಿದ ಮೇಲೆ ಆಕೆ ‘ಹದಿನೈದು ವರ್ಷ ಎಲ್ಲಿ ಹೋಗಿತ್ತು ಈ ಮಾತು’ ಅನ್ನಬಹುದು. ಹೆಚ್ಚುಕಡಿಮೆ ಅನ್ನುತ್ತಾಳೆ ಅಂತಲೇ ತಯಾರಿರಿ. ಆ ಏಟು ಆತನಿಗೆ ತಾಗುವ ಮೊದಲು ನೀವು ಅಡ್ಡ ಕೈಯೊಡ್ಡಬೇಕು, ಆದರೆ ಆಕೆಯನ್ನು ಗದರಿಸಿ ಅಲ್ಲ. ‘ಇದು ನಿಮಗೆ ಹೊಸ ಮಾತು. ಇಷ್ಟು ವರ್ಷ ಮೌನ ಕೇಳಿದ ಕಿವಿಗೆ ಇದನ್ನು ನಂಬುವುದು ಕಷ್ಟ. ಒಂದು ಕ್ಷಣ, ಸ್ವಲ್ಪ ಮಾತ್ರ ಒಳಗೆ ಬಂದಿದ್ದರೆ ಅದು ಹೇಗಿದೆ?’ ಇದನ್ನು ಮಾಡದೇ ಬಿಟ್ಟರೆ ಮುಂದಿನ ಮೂರು ಭೇಟಿ ಆತ ಬಾಯಿ ತೆರೆಯುವುದಿಲ್ಲ. ಕೆಲವರು ಆಮೇಲೆ ಬರುವುದೇ ಇಲ್ಲ.

ಮನೆಗೆ ಒಂದೇ ಕೆಲಸ ಕೊಡಿ. ಕಾವು ಏರಿದಾಗ ಎದ್ದು ಹೋಗುವುದಿದ್ದರೆ ಯಾವಾಗ ತಿರುಗಿ ಬರುತ್ತೇನೆ ಅಂತ ಹೇಳಿ ಹೋಗಬೇಕು: ‘ಅರ್ಧ ಗಂಟೆ ಬಿಟ್ಟು ಬರ್ತೆ.’ ಮೈಯ ಕಾವು ಇಳಿಯಲು ಕನಿಷ್ಠ 20 ನಿಮಿಷ ಬೇಕು. ಹೇಳಿದ ಹೊತ್ತಿಗೆ ಬರಲೇಬೇಕು. ಹೇಳದೇ ತೋಟಕ್ಕೆ ಇಳಿದರೆ ಆಕೆಯ ಪಾಲಿಗೆ ಅದು ಬಿಟ್ಟುಹೋದ ಹಾಗೆಯೇ.

ಶರಾವತಿ ದಂಡೆ (ಹೊನ್ನಾವರ)

ಯಾರಿಗೆ ಮಾಡಬಾರದು ಅನ್ನುವುದಕ್ಕೆ ಇನ್ನೂ ಉತ್ತರ ಬಂದಿಲ್ಲ, ನನ್ನ ಲೆಕ್ಕದಲ್ಲಿ ಅದೇ ಮೊದಲು ಬರಬೇಕಾಗಿತ್ತು.

ಹೊಡೆತ ನಡೆಯುತ್ತಿರುವ ಮನೆಗೆ ಈ ಚಿಕಿತ್ಸೆ ಬೇಡ. ಕಾರಣ ಸರಳ: ಇದು ಒಳಗಿನ ಮೃದು ಜಾಗ ತೆರೆದು ತೋರಿಸಿ ಅನ್ನುತ್ತದೆ. ತೋರಿಸಿದ್ದಕ್ಕೆ ರಾತ್ರಿ ಮನೆಯಲ್ಲಿ ಪೆಟ್ಟು ತಿನ್ನುವಂತಿದ್ದರೆ ಆ ಅಪಾಯ ತಂದವರು ನಾವು. ಹೊಡೆತವನ್ನು ‘ಇಬ್ಬರ ಸುಳಿ’ ಅನ್ನುವುದೂ ತಪ್ಪು. ಕೈ ಎತ್ತಿದವರ ಹೊಣೆ ಕೈ ಎತ್ತಿದವರದ್ದೇ. ಒಂಟಿ ಭೇಟಿ ಇಟ್ಟಿರುವುದು ಮುಖ್ಯವಾಗಿ ಇದಕ್ಕೇ. ‘ಏನಾದರೂ ತೊಂದರೆ ಇದೆಯಾ’ ಅಂತ ಸುತ್ತಿ ಬಳಸಿ ಕೇಳಬೇಡಿ. ಕೈ ಎತ್ತಿದ್ದಿದೆಯಾ, ಕುತ್ತಿಗೆ ಹಿಡಿದದ್ದಿದೆಯಾ, ಇಲ್ಲಿ ಮಾತಾಡಿದ್ದಕ್ಕೆ ಮನೆಯಲ್ಲಿ ಏನಾಗುತ್ತದೆ, ದುಡ್ಡು ಮತ್ತು ಫೋನು ಯಾರ ಕೈಯಲ್ಲಿದೆ, ಹೀಗೆ ಬಿಡಿಸಿ ಕೇಳಿ. ಕುತ್ತಿಗೆ ಹಿಡಿದದ್ದು ಒಮ್ಮೆ ಆಗಿದ್ದರೂ ಜೀವಕ್ಕೆ ಅಪಾಯದ ಗುರುತು. ಮಹಿಳಾ ಸಹಾಯವಾಣಿ 181, ತುರ್ತಿಗೆ 112, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣಾಧಿಕಾರಿ ಇವನ್ನು ಆಕೆಗೆ ಒಂಟಿಯಾಗಿದ್ದಾಗ ತಿಳಿಸಿ. ಚೀಟಿ ಬರೆದು ಕೊಡಬೇಡಿ, ಮನೆಯಲ್ಲಿ ಸಿಕ್ಕೀತು.

ಹೊರಗಿನ ಸಂಬಂಧ ಇನ್ನೂ ನಡೆಯುತ್ತಿದ್ದರೆ, ಕುಡಿತ ಕೈಮೀರಿದ್ದರೆ, ಮೊದಲು ಅದು. ದಿನವೂ ಹೆಚ್ಚು ಕುಡಿಯುವವರಿಗೆ ‘ನಾಳೆಯಿಂದ ಪೂರ್ತಿ ಬಿಡಿ’ ಅಂತ ನಾವು ಹೇಳಬಾರದು. ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ವೈದ್ಯರ ಕಣ್ಣೆದುರಲ್ಲಿ ನಿಲ್ಲಿಸಬೇಕು. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಆತ್ಮಹತ್ಯೆಯ ಮಾತು ಬಂದರೆ ದಂಪತಿ ಭೇಟಿ ಬದಿಗಿಟ್ಟು ಅದನ್ನೇ ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು-ರಾತ್ರಿ ಕನ್ನಡದಲ್ಲೂ ಸಿಗುತ್ತದೆ.

ಹೆಸರಿನ ಗೊಂದಲವನ್ನೂ ಬಿಡಿಸುತ್ತೇನೆ. ಅಂತರ್ಜಾಲದಲ್ಲಿ ಈ ಚಿಕಿತ್ಸೆಯ ಇಂಗ್ಲಿಷ್ ಕಿರುಹೆಸರು ‘ಇಎಫ್‌ಟಿ’ ಅಂತ ಹುಡುಕಿದರೆ ಮುಖ, ಎದೆಯ ಮೇಲೆ ಬೆರಳಿನಿಂದ ತಟ್ಟುವ ಕ್ರಮವೂ ಸಿಗುತ್ತದೆ. ಅದು ಗ್ಯಾರಿ ಕ್ರೇಗ್ ಅವರದ್ದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನು ಗ್ರೀನ್‌ಬರ್ಗ್ ಮುಂದೆ ಬೆಳೆಸಿದ ಕ್ರಮ ಒಬ್ಬೊಬ್ಬರಿಗೇ ಮಾಡುವಂಥದ್ದು. ಖಾಲಿ ಕುರ್ಚಿಯಲ್ಲಿ ತೀರಿಹೋದ ತಂದೆಯನ್ನೋ ದೂರಾದ ಅಣ್ಣನನ್ನೋ ಕೂರಿಸಿಕೊಂಡಂತೆ ಮಾತಾಡಿಸುವುದು, ತನ್ನನ್ನೇ ಬೈದುಕೊಳ್ಳುವ ದನಿಗೆ ಎರಡು ಕುರ್ಚಿ ಬಳಸುವುದು ಅದರಲ್ಲಿ ಬರುತ್ತದೆ. ಜಾನ್ಸನ್ ಅವರ ದಾರಿಯಲ್ಲೂ ಒಬ್ಬರಿಗೇ ಮಾಡುವ ಬೇರೆ ಕ್ರಮ ಇದೆ. ಅಲ್ಲಿ ಎದುರು ಸಂಗಾತಿ ಇರುವುದಿಲ್ಲ, ಕಣ್ಣುಮುಚ್ಚಿ ಮನಸ್ಸಿನಲ್ಲಿ ಅವರನ್ನು ತಂದುಕೊಂಡು ಅದೇ ವಾಕ್ಯ ಹೇಳಿಸುತ್ತಾರೆ. ಗಂಡ ಬರಲು ಒಪ್ಪದ ಮನೆಗಳಿಗೆ ಇದೊಂದು ದಾರಿ.

ತರಬೇತಿಯ ಮೊದಲ ಮೆಟ್ಟಿಲು ನಾಲ್ಕು ದಿನದ ಶಿಬಿರ. ಅದಾದ ಮೇಲೂ ಹಿರಿಯ ಚಿಕಿತ್ಸಕರಿಗೆ ನಮ್ಮ ಭೇಟಿಗಳ ರೆಕಾರ್ಡಿಂಗ್ ತೋರಿಸಿ, ದಂಪತಿಯ ಲಿಖಿತ ಒಪ್ಪಿಗೆ ಪಡೆದು, ತಿದ್ದಿಸಿಕೊಳ್ಳುವುದು ತಪ್ಪಬಾರದು. ವೀಡಿಯೊ ನೋಡಿ ಕಲಿತು ಎರಡನೇ ಘಟ್ಟಕ್ಕೆ ಕೈಹಾಕಬೇಡಿ, ತೆರೆದ ಗಾಯ ಮುಚ್ಚಲು ಬರುವುದಿಲ್ಲ.

ಕಾಳಿ ತೀರ (ಕಾರವಾರ)

ಸಮಯದ ಬಗ್ಗೆ ಎರಡು ಮಾತು. ವಾರಕ್ಕೊಂದು ಭೇಟಿ ಸರಿ, ಮೊದಲನೆಯದಕ್ಕೆ ಒಂದೂವರೆ ಗಂಟೆ ಇಡಿ. ಮೂರು ವಾರಕ್ಕೊಮ್ಮೆ ಬಂದರೆ ಪ್ರತಿ ಸಲ ಹೊಸ ಜಗಳದ ವರದಿ ಕೇಳುವುದರಲ್ಲೇ ಹೊತ್ತು ಹೋಗುತ್ತದೆ. ಯಾಂತ್ರಿಕ ದೋಣಿಗೆ ಹೋಗುವವರಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಮೀನುಗಾರಿಕೆ ನಿಷೇಧ ಒಳ್ಳೆಯ ಕಾಲ, ಎಂಟು ಭೇಟಿ ಸಲೀಸಾಗಿ ಸಿಗುತ್ತವೆ. ಘಟ್ಟದ ಮೇಲೆ ಅಡಿಕೆ ಸುಲಿಯುವ ದಿನಗಳನ್ನು ಬಿಟ್ಟು ಶುರುಮಾಡಿ.

ಗಂಡ ಬೆಂಗಳೂರಲ್ಲಿ, ಹೆಂಡತಿ ಊರಲ್ಲಿ ಇದ್ದು ವೀಡಿಯೊ ಕರೆ ಮಾಡುವುದಾದರೆ ಇಬ್ಬರ ಮುಖವೂ ಕಾಣಬೇಕು. ಒಂದೇ ಮನೆಯಲ್ಲಿದ್ದರೆ ಒಂದೇ ಫೋನು, ಅಡ್ಡಲಾಗಿ, ನಾಲ್ಕೈದು ಅಡಿ ದೂರ. ಕೈಯಲ್ಲಿ ಹಿಡಿದರೆ ಹಿಡಿದವರೇ ಮಾತಾಡುತ್ತಾರೆ. ನೆಟ್‌ವರ್ಕ್ ಹೋದರೆ ಯಾರು ಯಾರಿಗೆ ತಿರುಗಿ ಕರೆ ಮಾಡುವುದು ಮೊದಲೇ ಗೊತ್ತಿರಲಿ. ಆಕೆ ಅಳುತ್ತಿರುವಾಗ ಪರದೆ ನಿಂತುಹೋದರೆ ಅದೂ ಒಂದು ಬಿಟ್ಟುಹೋಗುವಿಕೆಯೇ. ಮನೆಯಲ್ಲಿ ಅತ್ತೆ-ಮಾವ ಪಕ್ಕದ ಕೋಣೆಯಲ್ಲಿದ್ದರೆ ವೀಡಿಯೊ ಬೇಡ, ಬಸ್ಸು ಹತ್ತಿ ಬರಲಿ.

ಘಟ್ಟದ ದಾರಿ (ಶಿರಸಿ)

ಕೊನೆಯದೊಂದು. ಎಲ್ಲ ಸರಿ ಹೋಗುತ್ತಿರುವಾಗ ಆಕೆ ಒಂದೇ ಹಳೇ ಮಾತಿಗೆ ತಿರುಗಿ ಬರುತ್ತಾಳೆ: ‘ಆಸ್ಪತ್ರೆಯಲ್ಲಿದ್ದಾಗ ಬರಲಿಲ್ಲ.’ ಆತ ಹತ್ತು ಸಲ ಕ್ಷಮೆ ಕೇಳಿದ್ದರೂ ಹೀಗಾಗುವುದು ಯಾಕೆ?

ಅಘನಾಶಿನಿ (ಕುಮಟಾ)

ಅದು ಬಂಧಕ್ಕೇ ಬಿದ್ದ ಗಾಯ. ಜಾನ್ಸನ್ ಮತ್ತು ಜೊತೆಯವರು 2001ರಲ್ಲಿ ಇದರ ಬಗ್ಗೆ ಬರೆದರು. ತೀರಾ ಬೇಕಾದ ಹೊತ್ತಿನಲ್ಲಿ, ಹೆರಿಗೆ, ಗರ್ಭ ಇಳಿದದ್ದು, ತಂದೆ-ತಾಯಿಯ ಸಾವು ಇಂಥ ಹೊತ್ತಿನಲ್ಲಿ ಕೈಬಿಟ್ಟರೆ ಅಲ್ಲಿಂದ ಮುಂದೆ ಪ್ರತಿ ನಂಬಿಕೆಯೂ ಅದೇ ಕಲ್ಲಿಗೆ ಎಡವುತ್ತದೆ. ಮೊದಲ ಹೆರಿಗೆ ತವರಲ್ಲಿ ಆಗುವ ನಮ್ಮ ರೂಢಿಯಲ್ಲಿ ಇದಕ್ಕೆ ಎಡೆ ಹೆಚ್ಚು. ಗಂಡ ‘ಅಲ್ಲಿ ಅವರ ಅಪ್ಪ-ಅಮ್ಮ ಇದ್ದಾರಲ್ಲ’ ಅಂದುಕೊಂಡಿರುತ್ತಾನೆ, ಹೆಂಡತಿ ಬಾಗಿಲು ನೋಡುತ್ತಾ ಮಲಗಿರುತ್ತಾಳೆ.

ಕ್ಷಮೆ ನಾಟುವುದಿಲ್ಲ ಯಾಕೆಂದರೆ ಆತ ಕ್ಷಮೆ ಕೇಳಿದ್ದು ಬರದೇ ಇದ್ದದ್ದಕ್ಕೆ. ಆಕೆ ಕಾಯುತ್ತಿರುವುದು ಆ ರಾತ್ರಿ ತನಗೇನಾಯಿತು ಅಂತ ಆತ ಕೇಳಿಸಿಕೊಳ್ಳುವುದಕ್ಕೆ. ಜೊತೆಗೆ ಆತ ಕಾರಣ ಸೇರಿಸಿರುತ್ತಾನೆ, ಮಳೆ ಇತ್ತು, ದೇವಿಮನೆ ಘಾಟಿನಲ್ಲಿ ರಸ್ತೆ ಬಂದ್ ಇತ್ತು. ಕಾರಣ ನಿಜವಿದ್ದರೂ ಆ ಕ್ಷಣಕ್ಕೆ ಅದು ಬಾಗಿಲು ಮುಚ್ಚುತ್ತದೆ.

ಕಾವು ಇಳಿಯುವ ಮೊದಲು, ಅಂದರೆ ಮೊದಲ ಘಟ್ಟದಲ್ಲಿ, ಇದನ್ನು ತೆರೆಯಬೇಡಿ. ಎರಡನೇ ಘಟ್ಟದಲ್ಲಿ ಆಕೆಗೆ ದೂರಿನ ಬದಲು ಆ ರಾತ್ರಿಯನ್ನೇ ಹೇಳಲು ಹೇಳಿ: ಯಾವ ಕೋಣೆ, ಎಷ್ಟು ಹೊತ್ತು, ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಏನಾಗುತ್ತಿತ್ತು, ಕೊನೆಗೆ ಮನಸ್ಸಿನಲ್ಲಿ ಏನು ತೀರ್ಮಾನ ಮಾಡಿಕೊಂಡಳು. ಆ ತೀರ್ಮಾನ, ‘ಇನ್ನು ಇವರನ್ನು ನೆಚ್ಚುವುದಿಲ್ಲ’ ಅನ್ನುವುದು, ಗಾಯದ ಬುಡ. ಅಷ್ಟು ಹೊತ್ತೂ ಆತ ವಿವರಣೆಗೆ ಹೋಗದಂತೆ ಹತ್ತಿರ ಕೂತು ಹಿಡಿದುಕೊಳ್ಳುವುದು ನಿಮ್ಮ ಕೆಲಸ. ಆಮೇಲೆ ಆತನ ಕಡೆ ತಿರುಗಿ, ಇದನ್ನು ಕೇಳಿ ನಿಮ್ಮೊಳಗೆ ಏನಾಯ್ತು ಅಂತ ಕೇಳಿ. ಆತನ ಮುಖದಲ್ಲಿ ನೋವು ಆಕೆಗೆ ಕಾಣಬೇಕು. ಆಗ ಆಕೆಯಿಂದ ಅಂದು ಏನು ಬೇಕಿತ್ತೋ ಅದನ್ನು ಈಗ ಕೇಳಿಸಿ, ಆತ ಈಗ ಕೊಡಲಿ. ಕೈ ಹಿಡಿದುಕೊಳ್ಳಿ ಅಂದರೆ ಕೈ ಹಿಡಿದುಕೊಳ್ಳಲಿ. ಅಂಥ ಭೇಟಿಗೆ ಎರಡು ಗಂಟೆ ಇಟ್ಟುಕೊಳ್ಳಿ, ಹಿಂದೆಯೇ ಇನ್ನೊಬ್ಬರಿಗೆ ಸಮಯ ಕೊಟ್ಟಿರಬೇಡಿ.